ಅವಳ ಪಾಲಿನ ಪುಡಿ

ಸರ್ಕಾರ ಬಡವರಿಗೆಂದು ಮಾಡಿದ ಊಟದ ಯೋಜನೆಗಳಲ್ಲಿ ನಮ್ಮ ಮನೆಗೆ ಬಾರದೆ ಉಳಿದದ್ದು ಯಾವುದೂ ಇರಲಿಲ್ಲ. ನ್ಯಾಯಬೆಲೆ ಅಂಗಡಿಯಿಂದ ಅಕ್ಕಿ ಬರುತ್ತಿತ್ತು. ಓರಗಿತ್ತಿಯ ಇಬ್ಬರು ಗಂಡುಮಕ್ಕಳು ಶಾಲೆಯಲ್ಲಿ ಬಿಸಿಯೂಟ ಉಂಡು, ಹಾಲು ಕುಡಿದು, ಮೊಟ್ಟೆ ತಿಂದು ಬರುತ್ತಿದ್ದರು. ಎರಡು ವರ್ಷ ತುಂಬಿದ ನನ್ನ ಮಗಳಿಗೆ ಅಂಗನವಾಡಿಯಿಂದ ಪೌಷ್ಟಿಕ ಪುಡಿಯ ಪೊಟ್ಟಣ ಸಿಗುತ್ತಿತ್ತು. ನನ್ನ ಗಂಡ, ಭಾವ ಇಬ್ಬರೂ ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಬಿಸಿ ಮರಳಿನ ಮುಂದೆ ನಿಂತು ದುಡಿಯುವವರು. ಭಟ್ಟಿಯ ಹಿಂದೆಯೇ ನಮ್ಮ ಮನೆ. "ನಮ್ಮನ್ಯಾಗೆ ಯಾರೂ ಹಸ್ಕಂಡು ಮಲಗಲ್ಲ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಅದು ನಿಜವೂ ಆಗಿತ್ತು.

ಅಂಥ ಮನೆಯ ನನ್ನ ಮಗಳು ಅಂಗನವಾಡಿಯ ಅಳತೆ ಹಲಗೆಗೆ ಬೆನ್ನು ಕೊಟ್ಟು ನಿಂತಾಗ, ಆ ವಯಸ್ಸಿಗೆ ಇರಬೇಕಾದ ಎತ್ತರದ ಗೆರೆಗಿಂತ ಬಹಳ ಕೆಳಗೇ ಉಳಿದಳು. ಟೀಚರ್ ಮತ್ತೊಮ್ಮೆ ಅಳೆದರು.

"ತೂಕ ಹೆಂಗೋ ನಡೀತೈತೆ, ಎತ್ತರ ಬಂದಿಲ್ಲ ನೋಡ್ರಿ. ಪುಡಿ ದಿನಾ ಕೊಡ್ತೀರಿಲ್ಲ?"

"ಕೊಡ್ತೀವ್ರಿ" ಎಂದೆ.

"ಈಗ ಬರಬೇಕಾದ ಎತ್ತರ ಈಗ್ಲೇ ಬರಬೇಕು. ಆಮ್ಯಾಲೆ ಎಷ್ಟು ಉಣಿಸಿದ್ರೂ ಪೂರಾ ಬರಲ್ಲ."

ಎತ್ತರವೊಂದೇ ಅಲ್ಲ, ಓದು ಬರಹಕ್ಕೂ ಇದರಿಂದ ಪೆಟ್ಟು ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ಸಿಟ್ಟು ಎಂದು ಗೊತ್ತಾಗದೆ, ಮನೆಯವರೆಗೂ ಚಪ್ಪಲಿಯನ್ನು ನೆಲಕ್ಕೆ ಬಡಿಯುತ್ತ ನಡೆದೆ.

ಓರಗಿತ್ತಿಯ ಬಳಿ ಸುಲಭದ ಉತ್ತರವಿತ್ತು. "ನೀನೂ ಕುಳ್ಳಿ ಅಲ್ಲೇನು, ರಕ್ತದಾಗೆ ಬಂದೈತೆ ಬಿಡು" ಎಂದಳು. ಹೌದು, ನಾನು ಕುಳ್ಳಿ. ಹರಿಹರದ ಹತ್ತಿರ ಭಾನುವಳ್ಳಿಯ ನನ್ನ ತವರಿನಲ್ಲಿ ನಾವು ಅಕ್ಕತಂಗಿಯರೆಲ್ಲ ಕುಳ್ಳಿಯರೇ. ಅಣ್ಣಂದಿರು ಮಾತ್ರ ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಉದ್ದ. ನಮ್ಮ ಅಮ್ಮನೂ ನನಗಿಂತ ಒಂದು ತಲೆ ಎತ್ತರ. ಹೆಣ್ಣುಮಕ್ಕಳನ್ನೇ ಹುಡುಕಿ ಹಿಡಿದು ಕುಳ್ಳಗೆ ಮಾಡುವ ರಕ್ತ ಎಲ್ಲಾದರೂ ಉಂಟೇ? ನಮ್ಮ ತವರಿನಲ್ಲಿ ಯಾರ ತಟ್ಟೆ ಮೊದಲು ತುಂಬುತ್ತಿತ್ತು ಎಂಬುದು ನನಗೆ ಚೆನ್ನಾಗಿ ನೆನಪಿದೆ.

ಅಂದಿನಿಂದ ಪುಡಿಯ ಮೇಲೆ ಕಣ್ಣಿಟ್ಟೆ. ಪೊಟ್ಟಣ ಬಂದ ದಿನ ಅತ್ತೆ ಅದನ್ನು ಬೆಲ್ಲ ತುಪ್ಪ ಹಾಕಿ ಉಂಡೆ ಕಟ್ಟುತ್ತಿದ್ದರು. ನೆಲದ ಮೇಲೆ ಊಟದ ಬಟ್ಟೆ, ನಮ್ಮ ದಸ್ತರ್‌ಖಾನ್, ಹಾಸಿ ಸುತ್ತ ಕೂತವರಿಗೆಲ್ಲ ಹಂಚುತ್ತಿದ್ದರು. ಮನೆಗೆ ಏನೇ ಬರಲಿ, ಆ ಬಟ್ಟೆಯ ಮೇಲೆ ಬಂದು ಎಲ್ಲರ ಪಾಲಾಗಬೇಕು. ಅತ್ತೆಗೆ ಅದು ಮನೆಯ ಮರ್ಯಾದೆಯ ಪ್ರಶ್ನೆ. ತಿಂಗಳಿಡೀ ನನ್ನ ಮಗಳು ತಿನ್ನಬೇಕಾದ ಪುಡಿ ಹೀಗೆ ಒಂದೆರಡು ಸಂಜೆಗಳಲ್ಲಿ ಖಾಲಿಯಾಗುತ್ತಿತ್ತು. ಅವಳಿಗೂ ಭಾವನಿಗೂ ಒಂದೇ ಅಳತೆಯ ಉಂಡೆ.

ಉಳಿದ ಹೊತ್ತು ಅವಳ ಕೈಯಲ್ಲಿ ಮಂಡಕ್ಕಿ. ಅತ್ತರೆ ಸಾಕು, ಭಟ್ಟಿಯಿಂದ ಯಾರಾದರೂ ಬಟ್ಟಲು ತುಂಬಿ ಕೊಡುತ್ತಿದ್ದರು. ಹೊಟ್ಟೆ ಉಬ್ಬುತ್ತಿತ್ತು, ಅಳು ನಿಲ್ಲುತ್ತಿತ್ತು, ರೊಟ್ಟಿ ಬೇಳೆ ಆಗುವ ಹೊತ್ತಿಗೆ ಮಗು ನಿದ್ದೆಯಲ್ಲಿ. "ಊಟಕ್ಕೆ ಹಠಾನೇ ಮಾಡಲ್ಲ, ಬಂಗಾರದಂಥ ಕೂಸು" ಎಂದು ಎಲ್ಲರೂ ಹೊಗಳುತ್ತಿದ್ದರು. ಮಂಡಕ್ಕಿ ಹುರಿದು ಬದುಕುವವರ ಮನೆಯಲ್ಲಿ ಅದರಿಂದ ಮಗು ಬೆಳೆಯುವುದಿಲ್ಲ ಎಂದು ಯಾರಿಗೆ ಹೊಳೆಯಬೇಕು?

ಮುಂದಿನ ಪೊಟ್ಟಣ ಅಡುಗೆಮನೆಗೆ ಹೋಗಲಿಲ್ಲ. ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಕೂಡಿ ಬಾಳುವ ಮನೆಯಲ್ಲಿ ಬೀಗದ ಸದ್ದು ಬಲು ದೂರ ಕೇಳುತ್ತದೆ. ಅತ್ತೆ ಸೌಟು ಹಿಡಿದುಕೊಂಡೇ ಬಂದರು.

"ಒಲೆ ಬ್ಯಾರೆ ಮಾಡಾಕೆ ಹೊಂಟೀಯೇನು?"

"ಒಲೆ ಬ್ಯಾಡ್ರಿ ಅಮ್ಮಾ. ಇವಳ ಬಟ್ಟಲು ಅಷ್ಟೇ ಬ್ಯಾರೆ."

"ಆ ಹುಡುಗ್ರು ಬಾಯಿ ಬಾಯಿ ನೋಡ್ತಾ ನಿಂತಿರ್ತಾವೆ. ನಿಂಗೆ ಹೆಂಗೆ ಮನಸ್ಸು ಬರ್ತೈತೆ?"

"ಅವ್ರಿಗೆ ಸ್ಕೂಲಾಗೆ ಮೊಟ್ಟೆ ಐತೆ, ಹಾಲೈತೆ. ಅದನ್ನ ಯಾರೂ ಮನೆಗೆ ತಂದು ಹಂಚಲ್ಲ. ಇವಳದ್ದು ಮಾತ್ರ ಯಾಕ ಹಂಚಬೇಕು?"

ಅತ್ತೆ ನನ್ನೊಡನೆ ಮಾತು ಬಿಟ್ಟರು. ಗಂಡ ಅಡಕತ್ತರಿಯಲ್ಲಿ ಸಿಕ್ಕಿಕೊಂಡ. "ಬಿಟ್ಟುಬಿಡು, ಅಮ್ಮಿ ಮನಸ್ಸು ನೋಯ್ತೈತೆ" ಎಂದ. ಅವರ ಮನಸ್ಸು ನೋಯುವುದು ನನಗೂ ಬೇಕಿರಲಿಲ್ಲ. ಬಂದಾಗಿನಿಂದ ನನ್ನನ್ನು ಮಗಳಂತೆ ನೋಡಿಕೊಂಡವರು ಅವರು. ಆದರೂ ನಾನು ಜಗ್ಗಲಿಲ್ಲ. ಬೆಳಿಗ್ಗೆ ಹಾಲಿನಲ್ಲಿ ಪುಡಿ ಕುದಿಸಿ ಗಂಜಿ, ಮಧ್ಯಾಹ್ನ ರೇಷನ್ ಅಕ್ಕಿಯ ಮೆತ್ತಗಿನ ಅನ್ನಕ್ಕೆ ಗಟ್ಟಿ ಬೇಳೆ, ಜೊತೆಗೊಂದು ಮೊಟ್ಟೆ, ಸಂಜೆ ಮತ್ತೆ ಗಂಜಿ. ಊಟಕ್ಕೆ ಮೊದಲು ಅವಳ ಕೈಗೆ ಮಂಡಕ್ಕಿ ಕೊಟ್ಟವರಿಗೆ ನನ್ನಿಂದ ಬೈಗುಳ ಗ್ಯಾರಂಟಿ ಎಂದು ಭಟ್ಟಿಯಲ್ಲಿ ಹೇಳಿಬಂದೆ. ಒಬ್ಬರು ಕೊಟ್ಟರು, ಬೈಸಿಕೊಂಡರು.

ಕೆಲವು ತಿಂಗಳ ನಂತರ ಅಳೆದಾಗ ಅವಳ ನೆತ್ತಿ ಗೆರೆಯ ಕಡೆಗೆ ಸ್ವಲ್ಪ ಸರಿದಿತ್ತು. ಮುಟ್ಟಿರಲಿಲ್ಲ. "ಹಿಂಗೇ ನಡೆಸ್ರಿ, ಬಿಡಬ್ಯಾಡ್ರಿ" ಎಂದರು ಟೀಚರ್. ಬಿಡುವವಳು ನಾನಲ್ಲ.

ಆದರೆ ಅಡ್ಡ ಬಂದವಳು ಮಗಳೇ. ಬಟ್ಟಲು ಕೊಟ್ಟರೆ ಮೊದಲ ಚಮಚ ಅವಳ ಅಣ್ಣಂದಿರ, ಓರಗಿತ್ತಿಯ ಹುಡುಗರ, ಬಾಯಿಗೆ ಹಿಡಿಯುತ್ತಿದ್ದಳು. ದಸ್ತರ್‌ಖಾನ್ ಸುತ್ತ ಬೆಳೆದ ಕೂಸಿಗೆ ಒಬ್ಬಳೇ ತಿನ್ನುವುದು ಗೊತ್ತೇ ಇರಲಿಲ್ಲ. "ಯಾರಿಗೂ ಕೊಡಬ್ಯಾಡ, ನೀನೇ ತಿನ್ನು" ಎಂದು ಚಮಚವನ್ನು ಅವಳ ಬಾಯಿಗೇ ತಿರುಗಿಸುತ್ತಿದ್ದೆ. ತಾಯಿ ಮಗುವಿಗೆ ಕಲಿಸುವ ಮಾತೇ ಇದು? ಆದರೂ ಕಲಿಸಿದೆ.

ಒಂದು ಮಧ್ಯಾಹ್ನ ಅಣ್ಣಂದಿರು ಶಾಲೆಗೆ ಹೋಗಿದ್ದರು. ಮಗಳು ಸುತ್ತ ನೋಡಿದಳು, ಮೊಟ್ಟೆಯ ಚೂರೊಂದನ್ನು ಚಮಚದಲ್ಲಿಟ್ಟುಕೊಂಡು ಅತ್ತೆಯ ಬಳಿಗೆ ನಡೆದಳು. "ದಾದಿ, ಆ ಮಾಡು" ಎಂದು ಅಜ್ಜಿಯ ಬಾಯಿಗೆ ಹಿಡಿದಳು. ತಡೆಯಲು ಹೋದವಳು ಅರ್ಧದಲ್ಲೇ ನಿಂತೆ. ಮನೆಗೆಲ್ಲ ಉಣಿಸಿದವರ ಬಾಯಿಯ ಮುಂದಿನಿಂದ ಚಮಚ ಕಿತ್ತುಕೊಳ್ಳುವ ಧೈರ್ಯ ನನಗೂ ಇರಲಿಲ್ಲ.

ಅತ್ತೆ ಚಮಚ ನೋಡಿದರು. ಮಗುವಿನ ತೆಳ್ಳಗಿನ ಮಣಿಕಟ್ಟು ನೋಡಿದರು. ಆಮೇಲೆ ಆಗಷ್ಟೇ ಉಂಡು ಎದ್ದವರ ಹಾಗೆ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನಂದು ಊಟ ಆತು. ಹೊಟ್ಟೆ ತುಂಬೈತೆ. ನೀನೇ ತಿನ್ನು ಬೇಟಿ, ಪೂರಾ ತಿನ್ನು."

ಬೆಳಗಿನ ಚಹಾ ಬಿಟ್ಟರೆ ಅಂದು ಅವರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮಗಳು ಅವರ ಮಾತು ನಂಬಿ, ಅವರ ತೊಡೆಗೆ ಒರಗಿಕೊಂಡು ತಿಂದಳು. ಬಟ್ಟಲು ಬರಿದಾಗುವವರೆಗೆ ಅತ್ತೆ ಅವಳನ್ನು ಅಲ್ಲಿಂದ ಕದಲಲು ಬಿಡಲಿಲ್ಲ.