ರೇಣವ್ವನ ಸಕ್ಕರೆ ಅಚ್ಚು

“ಅಕ್ಕಾರ, ಈ ಅಚ್ಚು ಅಂದ್ರ ಕ್ಲಾಸು, ಇದರಾಗ ಬರೂ ನವಿಲು ಅಂದ್ರ ಆಬ್ಜೆಕ್ಟು. ಅಷ್ಟ ಅಲ್ಲೇನ್ರಿ?”

ಗೌರಿ ಹುಣ್ಣಿಮೆಯ ಆರತಿಯ ಸಕ್ಕರೆ ಗೊಂಬೆಗಳಿಗೆ ಕಟ್ಟಿಗೆಯ ಅಚ್ಚಿನಲ್ಲಿ ಸಕ್ಕರೆ ಪಾಕ ಹೊಯ್ಯುತ್ತಿದ್ದ ನನ್ನ ನೆಗೆಣ್ಣಿ, ಮೈದುನನ ಹೆಂಡತಿ ರೇಣವ್ವ ತಲೆಯೆತ್ತದೆ ಕೇಳಿದಳು. ಅವಳು ಓದಿದ್ದು ಏಳನೇ ಇಯತ್ತೆ. ನಾನು ಬಿ.ಎ. ಮುಗಿಸಿ ಸಂಶಿ ಊರಿನ ಕಂಪ್ಯೂಟರ್ ಕ್ಲಾಸಿಗೆ ಹೋಗುವವಳು. ‘ಕ್ಲಾಸ್ ಅಂದರೆ ನಮೂನೆ, ಆಬ್ಜೆಕ್ಟ್ ಅಂದರೆ ಆ ನಮೂನೆಯಿಂದ ಆಗುವ ಒಂದೊಂದು ವಸ್ತು’ ಎಂಬ, ಮೂರು ವಾರದಿಂದ ತಲೆಗೆ ಹತ್ತದ ಪ್ರೋಗ್ರಾಮಿಂಗ್ ಪಾಠವನ್ನು ಅವಳ ಪಕ್ಕ ಕುಳಿತು ಗಟ್ಟಿಯಾಗಿ ಓದುತ್ತಿದ್ದೆ, ಅಷ್ಟೇ.

“ಒಂದು ನವಿಲಿನ ಕೊಕ್ಕು ಮುರದ್ರೂ ಉಳದ ನವಿಲು ಹಂಗ ಇರ್ತಾವಲ್ರಿ,” ಎಂದೂ ಸೇರಿಸಿದಳು.

ಹೊಟ್ಟೆಯೊಳಗೆ ಕಿಚ್ಚು ಹತ್ತಿತು. “ನೀ ಪಾಕ ನೋಡವಾ, ಹೊತ್ತೀತು,” ಎಂದೆ.

ಮರುದಿನ ಕ್ಲಾಸಿನಲ್ಲಿ ಅವಳ ಮಾತನ್ನೇ ಹೇಳಿದೆ. ಮೇಡಂ ಚಪ್ಪಾಳೆ ಹೊಡೆಸಿದರು. ಅದು ಯಾರ ಮಾತೆಂದು ನಾನು ಬಾಯಿ ಬಿಡಲಿಲ್ಲ. ಈಗ ರೇಣವ್ವ ಹತ್ತಿರವಿದ್ದರೆ ಗಟ್ಟಿಯಾಗಿ ಓದುವುದಿಲ್ಲ.