ಅಕ್ಕಿಕಾಳು ಕಾಯುವ ವಾರ್ಸೆನಿಕ್

ಇಸ್ಫಹಾನಿನ ಜುಲ್ಫಾ ಓಣಿಯಲ್ಲಿ ರೊಟ್ಟಿ ಅಂಗಡಿಯವನು ಈಗಷ್ಟೇ ಒಲೆ ಹಚ್ಚುತ್ತಿದ್ದಾನೆ. ಅಷ್ಟರಲ್ಲಾಗಲೇ ವಾರ್ಸೆನಿಕ್ ಕೆಥೆಡ್ರಲ್ ಅಂಗಳ ಗುಡಿಸಿ, ನಿನ್ನೆಯ ಮೇಣದಬತ್ತಿಯ ತುಂಡುಗಳನ್ನು ಮರಳಿನ ತಟ್ಟೆಯಿಂದ ಹೆಕ್ಕಿ, ಎದುರಿನ ಮ್ಯೂಸಿಯಂ ಬಾಗಿಲು ತೆರೆದಾಗಿದೆ. ಮೂಲೆಯಲ್ಲಿರುವ ಸೂಕ್ಷ್ಮದರ್ಶಕದ ಧೂಳು ಒರೆಸಿ, ಅದರ ತಿರುಪಿನ ಸುತ್ತ ಮೆತ್ತಗಿನ ಮೇಣ ಒತ್ತುತ್ತಾರೆ. ಕಣ್ಣಿಟ್ಟು ಮಾತ್ರ ನೋಡುವುದಿಲ್ಲ.

ಅದರ ಕೆಳಗಿರುವುದು ಒಂದೇ ಒಂದು ಅಕ್ಕಿಕಾಳು. ನಾನೂರು ವರ್ಷದ ಹಿಂದೆ ಅರಸ್ ನದಿಯ ದಡದಿಂದ ಷಾ ದೊರೆ ಒಕ್ಕಲೆಬ್ಬಿಸಿ ತಂದ ನಮ್ಮ ಅರ್ಮೇನಿಯನ್ ಹಿರಿಯರ ಪೈಕಿ ಯಾರೋ ಪುಣ್ಯಾತ್ಮ ಅದರ ಮೇಲೆ ಒಂದು ಸಾಲಿನ ಪ್ರಾರ್ಥನೆ ಕೊರೆದಿದ್ದಾನೆ. ಗಂಡ ತೀರಿಕೊಂಡ ವರ್ಷ ಪೊರಕೆ ಹಿಡಿದು ಬಂದ ವಾರ್ಸೆನಿಕ್ ಮೊದಲ ದಿನವೇ ಅದನ್ನು ಓದಿ ಅತ್ತರಂತೆ. "ಆಮೇಲೆ ದಿನಾ ಬೆಳಿಗ್ಗೆ ನೋಡ್ತಿದ್ದೆ. ಮಂಡಿನೋವು, ಮನೆ ಚಿಂತೆ, ಎಲ್ಲಾ ಮರೆತುಹೋಗೋದು," ಎನ್ನುತ್ತಾರೆ.

ಹೋದ ವಸಂತದಲ್ಲಿ ಯಜ್ದ್‌ನ ಕಾಲೇಜು ಹುಡುಗಿ ಗುಲ್ನೂಶ್ ಗೆಳತಿಯರ ಜೊತೆ ಊರು ನೋಡಲು ಬಂದಳು. ಬೆಳಿಗ್ಗೆ ಕೆಥೆಡ್ರಲ್ ಆಯಿತು, ಆಮೇಲೆ ಮ್ಯೂಸಿಯಂ. ಗೆಳತಿಯರು ಬಗ್ಗಿ ನೋಡಿ, "ನಿಮ್ಮ ಕೈಗೆ ನೋವಾಗದಿರಲಿ ಖಾನುಮ್, ಎಷ್ಟು ಚೆನ್ನಾಗಿದೆ," ಎಂದು ಹೊಗಳಿ ಸರಿದರು. ಗುಲ್ನೂಶ್ ಮಾತ್ರ ಬಗ್ಗಿದವಳು ಏಳಲಿಲ್ಲ.

"ಖಾನುಮ್, ತಪ್ಪು ತಿಳ್ಕೋಬೇಡಿ. ನಂಗೆ ಬರೀ ಮಂಜು ಕಾಣ್ತಿದೆ."

"ಕಣ್ಣು ತೋರಿಸ್ಕೋ ಹೋಗು ಮಗಳೇ. ಮಿಕ್ಕೋರಿಗೆಲ್ಲ ಕಾಣ್ತಲ್ಲ."

"ಅವ್ರಿಗೂ ಕಾಣ್ಲಿಲ್ಲ. ನಿಮಗೆ ಬೇಜಾರಾಗ್ಬಾರ್ದು ಅಂತ ಹಾಗಂದ್ರು."

ಗೆಳತಿಯರು ನೆಲ ನೋಡಿದರು. ನಮ್ಮ ಕಡೆ ಹೀಗೇ ಸ್ವಾಮಿ. ಚಹಾದಲ್ಲಿ ಉಪ್ಪು ಬಿದ್ದಿದ್ದರೂ ಅತಿಥಿ ಅದನ್ನು ಅಮೃತ ಎನ್ನಬೇಕು. ಹುಡುಗಿ ತಿರುಪು ತಿರುಗಿಸಿದಳು, ಅಕ್ಷರ ಮೂಡಿತು, ಗೆಳತಿಯರು ಈ ಸಲ ನಿಜವಾಗಿಯೇ ಬೆರಗಾದರು. ವಾರ್ಸೆನಿಕ್ ಬಗ್ಗಿದರೆ ಅವರಿಗೆ ಮಂಜು. ದಿನಾ ತಿರುಪನ್ನು ಮಬ್ಬಾಗುತ್ತಿದ್ದ ತಮ್ಮ ಕಣ್ಣಿಗೆ ಹೊಂದಿಸಿ ಹೊಂದಿಸಿ, ಬಂದವರಿಗೆಲ್ಲ ಅದನ್ನು ಕಾಣದಂತೆ ಮಾಡಿದ್ದರು.

"ದೂರದಿಂದ ಬಂದೋರು ಏನೂ ಕಾಣದೆ ನನ್ನ ಹರಸಿ ಹೋದ್ರಲ್ಲ ಅಂತ ನಾಚ್ಕೆಯಾಗಿಹೋಯ್ತು," ಎನ್ನುತ್ತಾರೆ. ಹುಡುಗಿ ಇಟ್ಟ ಜಾಗದಿಂದ ಅಲುಗದಿರಲಿ ಎಂದು ತಿರುಪಿಗೆ ಮೇಣ ಮೆತ್ತತೊಡಗಿದ್ದು ಅವತ್ತಿನಿಂದಲೇ. ಕಣ್ಣಿನ ಡಾಕ್ಟರೂ ಈಗ ಕೈಚೆಲ್ಲಿದ್ದಾರೆ.

ನನಗೆ ತಡೆಯಲಾಗಲಿಲ್ಲ. "ಬಾಗಿಲು ತೆಗೆಯೋ ಮುಂಚೆ ನಿಮಗೆ ಬೇಕಾದ ಹಾಗೆ ತಿರುಗಿಸಿ ನೋಡ್ಕೊಂಡು, ಮತ್ತೆ ಸರಿ ಮಾಡಿಟ್ರೆ ಆಯ್ತಲ್ಲ?"

"ಸರಿ ಆಯ್ತೋ ಇಲ್ವೋ ನಂಗೆ ಹೇಗೆ ಗೊತ್ತಾಗ್ಬೇಕು, ಪೆದ್ದಪ್ಪ?"

ಹೊರಗೆ ಶಾಲೆಯ ಬಸ್ಸು ನಿಲ್ಲುವ ಸದ್ದಾಗುತ್ತದೆ. "ನಿಂಗೆ ನಮ್ಮ ಅಕ್ಷರ ಬರುತ್ತಲ್ಲ, ಅವರು ಬರೋದ್ರೊಳಗೆ ಒಂದ್ಸಲ ಓದು," ಎನ್ನುತ್ತಾರೆ. ನಾನು ಬಗ್ಗಿ ಜೋರಾಗಿ ಓದುತ್ತೇನೆ: "ಪ್ರಭುವೇ, ಅರಸ್ ನದಿಯನ್ನು ಇನ್ನೊಮ್ಮೆ ತೋರಿಸು."

ವಾರ್ಸೆನಿಕ್ ಕಣ್ಣು ಮುಚ್ಚಿ ಕೇಳುತ್ತಾರೆ. "ಪಾಪ, ಕೊರೆದೋನಿಗೆ ನದಿ ಬೇಕಿತ್ತು. ನಂಗೆ ಈ ಕಾಳು ಇನ್ನೊಂದ್ಸಲ ಕಂಡಿದ್ರೆ ಸಾಕಿತ್ತು," ಎಂದು ತಿರುಪನ್ನು ಮುಟ್ಟಿ, ಮೇಣ ಗಟ್ಟಿಯಾಗಿದೆಯೇ ನೋಡುತ್ತಾರೆ. "ಸರಿ, ಪಕ್ಕಕ್ಕೆ ಬಾ. ಮಕ್ಕಳು ಬಂದ್ರು, ಅವ್ರು ನೋಡ್ಲಿ."