ದೋಣಿಯಲ್ಲಿ ಒಂದು ಸೀಟು ಖಾಲಿ

ನಮ್ಮಕ್ಕ ಬಸ್ ಕಂಡಕ್ಟರ್. ನಸುಕಿಗೇ ಮೊದಲ ಬಸ್ಸು ಹತ್ತುತ್ತಾಳೆ. ಮಧ್ಯಾಹ್ನ ಸುಸ್ತಾಗಿ ಬಂದು ದಿಂಬಿಗೆ ತಲೆ ಕೊಡುವಷ್ಟರಲ್ಲಿ ಅಮ್ಮನ ಹೊಲಿಗೆ ಮೆಷಿನ್ನು ಶುರುವಾಗುತ್ತದೆ. ಅಮ್ಮನಿಗೆ ಅದು ಹೊಟ್ಟೆಪಾಡು, ನಿಲ್ಲಿಸಿ ಎನ್ನುವಂತಿಲ್ಲ. ಹಾಗಾಗಿ ಮಹಡಿಯ ಬಾಡಿಗೆಯವರು ಕೋಣೆ ಖಾಲಿ ಮಾಡಿದ ದಿನವೇ ಅಕ್ಕ ಅದರ ಮೇಲೆ ಕಣ್ಣಿಟ್ಟಳು. ಕಣ್ಣು ನಾನೂ ಇಟ್ಟಿದ್ದೆ. ನಾನು ಗಡಿಯಾರ ರಿಪೇರಿಯವನು. ಅಲ್ಲಿನ ಪೂರ್ವದ ಕಿಟಕಿಯಿಂದ ಬರುವ ಬೆಳಕು ನನ್ನ ಅಂಗಡಿಯಲ್ಲಿ ಎಷ್ಟು ದೀಪ ಹಾಕಿದರೂ ಸಿಗುವುದಿಲ್ಲ.

ವಾರಗಟ್ಟಲೆ ಜಗಳವಾಡಿದೆವು. ಕೊನೆಗೆ ಅಮ್ಮ ರೋಸಿಹೋದರು. “ಭಾನುವಾರ ಆಟ ಆಡ್ತೀರಲ್ಲ, ಗೆದ್ದೋರಿಗೆ ರೂಮು. ಇನ್ನು ನನ್ನ ತಲೆ ತಿನ್ಬೇಡಿ.”

ನಾನು ಒಳಗೊಳಗೇ ಹಿಗ್ಗಿದೆ. ಅದು ನಡುಗಡ್ಡೆಗಳ ಮೇಲೆ ಊರು ಕಟ್ಟುವ ಬೋರ್ಡ್ ಗೇಮು. ಮರದ ಪುಟ್ಟ ಮನೆಗಳನ್ನು ಕಟ್ಟಬೇಕು, ಬಂದರಿನಲ್ಲಿ ನಿಂತ ತಮ್ಮ ತಮ್ಮ ಬಣ್ಣದ ಜನರನ್ನು ದೋಣಿಯಲ್ಲಿ ತಂದು ಇಳಿಸಬೇಕು. ಜನ ಇಲ್ಲದ ಊರಿಗೆ ಒಂದು ಅಂಕವೂ ಇಲ್ಲ. ಅಕ್ಕ ಊರು ಚೆನ್ನಾಗಿಯೇ ಕಟ್ಟುತ್ತಾಳೆ, ಆದರೆ ದೋಣಿ ತುಂಬದೆ ಬಿಡುವುದಿಲ್ಲ. ಇದ್ದವರನ್ನೇ ಕರಕೊಂಡು ಹೊರಡೇ ಎಂದರೆ, “ಖಾಲಿ ಗಾಡಿ ಓಡಿಸಿದ್ರೆ ಡಿಪೋದಲ್ಲಿ ಬೈತಾರೆ,” ಅನ್ನುತ್ತಾಳೆ. ಅಷ್ಟರಲ್ಲಿ ನನ್ನ ಊರುಗಳೆಲ್ಲ ತುಂಬಿರುತ್ತವೆ. ಅವಳು ನನ್ನ ಮೇಲೆ ಗೆದ್ದದ್ದೇ ಇಲ್ಲ.

ಆ ಭಾನುವಾರ ಮಾತ್ರ ಹಲ್ಲು ಕಚ್ಚಿಕೊಂಡು ಆಡಿದಳು. ಅರ್ಧ ತುಂಬಿದ ದೋಣಿಗಳನ್ನೂ ಬಿಟ್ಟಳು. ಬಿಡುವಾಗ ಅವಳ ಮುಖ ನೋಡಬೇಕಿತ್ತು. ಕೊನೆಯ ಸುತ್ತಿನ ಹೊತ್ತಿಗೆ ನನಗೆ ಬೆವರಿಳಿಯಿತು. ನನ್ನ ದೊಡ್ಡ ಊರಿಗೆ ಒಬ್ಬನೇ ಒಬ್ಬ ಕಾಲಿಟ್ಟರೆ ಸಾಕಿತ್ತು. ಆ ಒಬ್ಬ ಬಂದರಿನಲ್ಲಿ ನಿಂತಿದ್ದ, ನನ್ನ ದೋಣಿ ಬೋರ್ಡಿನ ಆಚೆ ತುದಿಯಲ್ಲಿತ್ತು. ಅಕ್ಕ ತನ್ನ ದೋಣಿ ಬಿಟ್ಟರೆ ಆಟ ಮುಗಿಯಿತು, ರೂಮು ಅವಳದು.

ಅವಳ ದೋಣಿಯಲ್ಲಿ ಒಂದು ಸೀಟು ಖಾಲಿಯಿತ್ತು. ಕೈ ದೋಣಿಯ ಮೇಲೆ ಹೋದದ್ದು ಅಲ್ಲೇ ನಿಂತಿತು. ಬಂದರಿನಲ್ಲಿದ್ದ ನನ್ನ ಕೆಂಪು ಮನುಷ್ಯನನ್ನು ನೋಡಿದಳು. “ಎಲ್ಲಿಗಪ್ಪಾ? ಒಳಗ್ ಬನ್ನಿ, ಒಳಗ್ ಬನ್ನಿ,” ಎನ್ನುತ್ತಾ ಎತ್ತಿ ಕೂರಿಸಿಕೊಂಡಳು. ಬೇರೆಯವರ ಜನರನ್ನು ಹತ್ತಿಸಿಕೊಳ್ಳಲು ನಿಯಮದ ಅಡ್ಡಿಯಿಲ್ಲ. ಹಾಗೆ ಮಾಡುವ ಪುಣ್ಯಾತ್ಮರನ್ನು ಮಾತ್ರ ನಾನು ಕಂಡಿರಲಿಲ್ಲ. ದಾರಿಯಲ್ಲಿ ನನ್ನ ಊರಿನಲ್ಲಿ ಅವನನ್ನು ಜೋಪಾನವಾಗಿ ಇಳಿಸಿ, ತನ್ನ ಊರು ಮುಟ್ಟಿ, ಅಂಕ ಕೂಡಿದಳು. ಗೆದ್ದವನು ನಾನು.

“ಅಯ್ಯೋ,” ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅಮ್ಮ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

“ರೂಮು ನೀನೇ ಇಟ್ಕೋ ಅಕ್ಕ.”

“ಸೋತಿದ್ದೀನಿ ಕಣೋ. ನಿನ್ನ ದಾನ ಯಾರಿಗೆ ಬೇಕು.” ಬೋರ್ಡು ಮಡಚುತ್ತಾ ಕೇಳಿದಳು, “ಅಲ್ಲ, ನಿಂಗೆ ಆ ಬೆಳಕು ಎಷ್ಟೊತ್ತಿಗೆ ಬೇಕು?”

“ಬೆಳಿಗ್ಗೆ, ಅಂಗಡಿ ತೆಗೆಯೋ ಮುಂಚೆ.”

“ಆಗ ನಾನು ಬಸ್ಸಲ್ಲಿರ್ತೀನಲ್ಲೋ.”

ಮೂವರೂ ಮುಖ ಮುಖ ನೋಡಿಕೊಂಡೆವು. “ಇಷ್ಟು ದಿನ ಇದು ಯಾರಿಗೂ ಹೊಳೀಲಿಲ್ವಲ್ಲ,” ಎಂದು ಅಮ್ಮ ಹಣೆ ಚಚ್ಚಿಕೊಂಡರು.

ಈಗ ಕೋಣೆ ಬೆಳಿಗ್ಗೆ ನನ್ನದು, ಮಧ್ಯಾಹ್ನ ಅವಳದು. ಮೊನ್ನೆ ಊಟಕ್ಕೆ ಬಂದವನು, ಮರೆತಿದ್ದ ಚಿಮುಟ ತರಲು ಮೇಲೆ ಹೋದೆ. ಅಕ್ಕ ಡ್ಯೂಟಿ ಬಟ್ಟೆಯಲ್ಲೇ, ಬಾಯಿ ತೆರೆದುಕೊಂಡು ಮಲಗಿದ್ದಳು. ಅವಳು ಅಷ್ಟು ನೆಮ್ಮದಿಯಾಗಿ ನಿದ್ದೆ ಮಾಡಿದ್ದನ್ನು ನಾನು ನೋಡಿರಲೇ ಇಲ್ಲ. ಚಿಮುಟ ಅವಳ ದಿಂಬಿನಾಚೆ, ಕಿಟಕಿಯ ಕಟ್ಟೆ ಮೇಲಿತ್ತು. ಬಾಗಿಲು ಮೆಲ್ಲಗೆ ಎಳೆದುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದೆ.

“ಸಿಕ್ತಾ?” ಎಂದರು ಅಮ್ಮ.

“ಇಲ್ಲಮ್ಮ, ಅಂಗಡೀಲೇ ಬಿಟ್ಟಿರ್ಬೇಕು,” ಎಂದೆ.